ಅಪ್‌ಡೇಟ್: 10 ಟನ್ ಕ್ರೇನ್‌ನ ಭಾರ ಪರೀಕ್ಷೆ ನಡೆಸಿದೆವು

ನಮ್ಮ 10 ಟನ್ ಸಾಮರ್ಥ್ಯದ ಓವರ್‌ಹೆಡ್ ಕ್ರೇನ್‌ನ ಹಾಯ್ಸ್ಟ್ ಬ್ರೇಕ್ (ಎತ್ತಿದ ಭಾರ ಜಾರದಂತೆ ಹಿಡಿಯುವ ಬ್ರೇಕ್) ಬದಲಾಯಿಸಿದ ಮೇಲೆ, ಖಾಲಿ ಕೊಕ್ಕೆಯನ್ನು ಓಡಿಸಿ ನೋಡಿದರೆ ಸಾಲದೇ, ಭಾರ ಪರೀಕ್ಷೆ ನಿಜಕ್ಕೂ ಬೇಕೇ ಎಂದು ಈ ಹಿಂದೆ ಕೇಳಿದ್ದೆ. ಬೇಕೇ ಬೇಕು ಎಂದು ಒತ್ತಿ ಹೇಳಿದ ಎಲ್ಲರಿಗೂ ನಾನು ಋಣಿ.

ಕ್ರೇನ್ ಪರೀಕ್ಷೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 4310 ಹೇಳುವಂತೆ ಸ್ಥಿರ ಪರೀಕ್ಷೆಗೆ ಸಾಮರ್ಥ್ಯದ 1.25 ಪಟ್ಟು, ಅಂದರೆ 12.5 ಟನ್ ತೂಕದ ಉಕ್ಕಿನ ಗಟ್ಟಿಗಳನ್ನು, ಕೊಕ್ಕೆಯನ್ನು ಹೊತ್ತು ಓಡುವ ಟ್ರಾಲಿಯನ್ನು ಗರ್ಡರಿನ (ಕ್ರೇನ್‌ನ ಅಡ್ಡತೊಲೆಯ) ನಡುಮಧ್ಯಕ್ಕೆ ತಂದು ನಿಲ್ಲಿಸಿ, ನೆಲದಿಂದ ಗೇಣಿಗಿಂತ ತುಸು ಕಡಿಮೆ ಎತ್ತರಕ್ಕೆ ಎತ್ತಿ, ಹತ್ತು ನಿಮಿಷ ತೂಗಬಿಡಬೇಕಿತ್ತು. ಖಾಲಿ ಕೊಕ್ಕೆಯನ್ನು ಅಲುಗದಂತೆ ಹಿಡಿದಿದ್ದ ಅದೇ ಬ್ರೇಕ್ ಮೂರನೇ ನಿಮಿಷದಲ್ಲೇ ಜಾರತೊಡಗಿತು; ಪಕ್ಕದ ಕಂಬದ ಮೇಲೆ ಎಳೆದಿದ್ದ ಸೀಮೆಸುಣ್ಣದ ಗೆರೆಗಿಂತ ಗಟ್ಟಿಯ ಅಂಚು ಬೆರಳಗಲ ಕೆಳಗಿಳಿದಿತ್ತು. ಬಿಚ್ಚಿ ನೋಡಿದರೆ, ಗೇರ್‌ಬಾಕ್ಸ್‌ನಿಂದ ಸೋರಿದ ಎಣ್ಣೆ ಬ್ರೇಕಿನ ಹೊಸ ಲೈನಿಂಗ್ (ಉಜ್ಜಿ ಹಿಡಿಯುವ ಪದರ) ತುಂಬ ಹರಡಿತ್ತು. ಆ ಗೆರೆಯನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಎಣ್ಣೆ ಸೋರದಂತೆ ತಡೆಯುವ ಸೀಲ್ ಹಾಗೂ ಲೈನಿಂಗ್ ಬದಲಿಸಿ ಮತ್ತೆ ಪರೀಕ್ಷಿಸಿದಾಗ ಭಾರ ಕದಲಲಿಲ್ಲ. ಇಳಿಸಿದ ಬಳಿಕ ಗರ್ಡರಿನಲ್ಲಿ ಶಾಶ್ವತ ಬಾಗು ಉಳಿದಿರಲಿಲ್ಲ. 11 ಟನ್ ಭಾರ ಹೊರಿಸಿ ಕ್ರೇನನ್ನು ಓಡಿಸಿ ನೋಡುವ ಚಲನ ಪರೀಕ್ಷೆಯೂ ಸುಸೂತ್ರವಾಗಿ ಮುಗಿಯಿತು. ಪರೀಕ್ಷೆಗಾಗಿ ನಿಷ್ಕ್ರಿಯಗೊಳಿಸಿದ್ದ ಓವರ್‌ಲೋಡ್ ಲಿಮಿಟರನ್ನು (ಮಿತಿ ಮೀರಿದ ಭಾರ ಎತ್ತದಂತೆ ತಡೆಯುವ ಸಾಧನ) ಮರುಹೊಂದಿಸಿ, ಅದು ಸರಿಯಾಗಿ ತಡೆಯುತ್ತದೆಯೇ ಎಂದು ಖಚಿತಪಡಿಸಿಕೊಂಡ ನಂತರವೇ ಕ್ರೇನನ್ನು ಕೆಲಸಕ್ಕೆ ಬಿಟ್ಟೆವು.