ಬಲಗಡೆ ಓಡಿಸೋ ದೇಶಕ್ಕೆ ನಮ್ಮ ಕಾರು: ಹೆಡ್‌ಲೈಟ್ ಏನು ಮಾಡಬೇಕು?

ರಿಂಗ್‌ರೋಡ್ ರಾಯ
ಎರಡು ಕಾರು ಬೆಂಗಳೂರಿಂದ ಹೊರಡಲಿವೆ. ಮುಂಬೈನಿಂದ ಹಡಗಲ್ಲಿ ದುಬೈನ ಜೆಬೆಲ್ ಅಲಿ ಬಂದರು, ಅಲ್ಲಿಂದ ಇರಾನ್, ಟರ್ಕಿ, ಯುರೋಪ್, ಕೊನೆಗೆ ಇಂಗ್ಲೆಂಡ್. ಒಂದು ಹಳೇ ಎಸ್‌ಯುವಿ, ಎಚ್4 ಹ್ಯಾಲೊಜೆನ್ ಬಲ್ಬು (ಲೋ, ಹೈ ಎರಡೂ ಒಂದರಲ್ಲೇ), ರಿಫ್ಲೆಕ್ಟರ್ ಲೈಟು, ಅಂದರೆ ಬಲ್ಬಿನ ಹಿಂದೆ ಹೊಳೆಯೋ ಬಟ್ಟಲು. ಇನ್ನೊಂದಕ್ಕೆ ಎಲ್‌ಇಡಿ ಪ್ರೊಜೆಕ್ಟರ್, ಅಂದರೆ ಮುಂದೆ ದುಂಡು ಲೆನ್ಸ್ ಇರೋದು. ಗ್ಯಾರೇಜಲ್ಲಿ ಕೇಳಿದರೆ ‘ಒಳಗಿರೋ ಲೆವೆಲಿಂಗ್ ನಾಬ್ (ಬೆಳಕು ಏರಿಸಿ ಇಳಿಸೋದು) ಪೂರ್ತಿ ಇಳಿಸಿ, ಅಷ್ಟೇ’ ಅಂತಾರೆ. ಅಷ್ಟು ಸಾಕಾ? ಇಲ್ಲ ಅಂದರೆ ಏನೇನು ತಗೊಂಡು ಹೋಗಬೇಕು?

ಡಿಮ್ ಡಿಪ್
ಸಾಕಾಗಲ್ಲ ಸರ್. ರಾತ್ರಿ ಲೋ ಬೀಮ್ ಹಾಕಿ ಗೋಡೆ ಮುಂದೆ ನಿಲ್ಲಿಸಿ ನೋಡಿ. ಬೆಳಕಿನ ಮೇಲಂಚು ಬಲಕ್ಕೆ ಮಟ್ಟಸವಾಗಿರುತ್ತೆ, ಎಡಕ್ಕೆ ಸುಮಾರು 15 ಡಿಗ್ರಿ ಮೇಲಕ್ಕೆ ಏರಿರುತ್ತೆ. (ಕೆಲವು ಪ್ರೊಜೆಕ್ಟರಿನಲ್ಲಿ ಓರೆಯಾಗಿ ಏರದೆ ಮೆಟ್ಟಿಲಿನ ಹಾಗೆ ಕಾಣುತ್ತೆ.) ಎಡಗಡೆ ಅಂಚಲ್ಲಿ ನಡೆಯೋರು, ಬೋರ್ಡು ಕಾಣಲಿ ಅಂತಲೇ ಅದು ಹಾಗಿದೆ. ಬಲಗಡೆ ಓಡಿಸೋ ಊರಲ್ಲಿ ಎದುರಿನ ಗಾಡಿ ಬರೋದೇ ನಿಮ್ಮ ಎಡಕ್ಕೆ. ಆ ಏರು ನೇರ ಅವರ ಕಣ್ಣಿಗೆ. ನಿಮ್ಮ ಬಲಗಡೆ ಅಂಚು ಮಾತ್ರ ಕತ್ತಲೆ.

ಲೆಕ್ಕ ಹಾಕಿ ನೋಡಿ. ಲೈಟು ನೆಲದಿಂದ 70 ಸೆಂ.ಮೀ. ಎತ್ತರ, ಬೆಳಕಿನ ಇಳಿಜಾರು ಶೇ 1 (ಮೀಟರಿಗೆ 1 ಸೆಂ.ಮೀ. ಇಳಿತ) ಅಂದರೆ ಮಟ್ಟಸ ಭಾಗ 70 ಮೀಟರಿಗೆ ರಸ್ತೆ ಮುಟ್ಟುತ್ತೆ. ನಾಬ್ ಇಳಿಸಿ ಶೇ 2 ಮಾಡಿದರೆ 35 ಮೀಟರ್. ಗಂಟೆಗೆ 80 ಕಿ.ಮೀ. ವೇಗದಲ್ಲಿ ಅದು ಒಂದೂವರೆ ಸೆಕೆಂಡಿನ ದಾರಿ. ಇಷ್ಟಾದರೂ ಎಡಗಡೆಯ ಏರು ಏರಾಗೇ ಇರುತ್ತೆ, ಬರೀ ಸ್ವಲ್ಪ ಕೆಳಗಿಂದ ಶುರುವಾಗುತ್ತೆ. ನಿಮಗೂ ಕಾಣಲ್ಲ, ಅವರಿಗೂ ಕುಕ್ಕುತ್ತೆ. ಆ ನಾಬ್ ಇರೋದು ಹಿಂದೆ ಲಗೇಜು ತುಂಬಿದಾಗ ಮೂತಿ ಮೇಲಕ್ಕೆದ್ದರೆ ಸರಿಮಾಡೋಕೆ.

ನಟ್ಟು ಬೋಲ್ಟು
ಏನೂ ಕೊಳ್ಳೋಕೆ ಮುಂಚೆ ಲೈಟಿನ ಗಾಜಿನ ಮೇಲೆ ಅಚ್ಚಾಗಿರೋ ಗುರುತು ಓದಿ. ವೃತ್ತದೊಳಗೆ ಇ (E) ಅಕ್ಷರ, ಪಕ್ಕ ಒಂದು ಅಂಕಿ, ಅದು ಲೈಟಿಗೆ ಸಿಕ್ಕ ಮಾನ್ಯತೆಯ ಗುರುತು. ಅದರ ಹತ್ತಿರ ಬಾಣ ಇದೆಯಾ ನೋಡಿ. ಲೈಟಿಗೆ ಮುಖ ಮಾಡಿ ನಿಂತಾಗ ನಿಮ್ಮ ಬಲಕ್ಕೆ ಮೂತಿ ಮಾಡಿದ ಒಂದೇ ಬಾಣ ಇದ್ದರೆ ಎಡಗಡೆ ಓಡಾಟಕ್ಕೆ ಮಾತ್ರ. ಎರಡೂ ಕಡೆ ಮೂತಿ ಇರೋ ಬಾಣ ಆದರೆ ಎರಡಕ್ಕೂ ಹೊಂದಿಸಬಹುದು, ಅಂದರೆ ಒಳಗೆಲ್ಲೋ ಒಂದು ವ್ಯವಸ್ಥೆ ಇದೆ. ಬಾಣವೇ ಇಲ್ಲದ ಇ ಗುರುತು ಬಲಗಡೆ ಓಡಾಟದ್ದು. ಆನ್‌ಲೈನಲ್ಲಿ ಯುರೋಪಿನ ಸೆಕೆಂಡ್ ಹ್ಯಾಂಡ್ ಹೆಡ್‌ಲೈಟ್ ತರಿಸಿ ಇಲ್ಲಿ ಹಾಕ್ಕೊಳ್ಳೋರು ಗಮನಿಸೋದು ಒಳ್ಳೇದು.

ಎಲ್‌ಇಡಿ ಕಾರಿಗೆ ಮೊದಲು ಮ್ಯಾನ್ಯುಯಲ್ ತೆಗೀರಿ. ಫೋಕ್ಸ್‌ವ್ಯಾಗನ್, ಸ್ಕೋಡಾದ ಕೆಲವು ಮಾಡೆಲ್‌ಗಳಲ್ಲಿ ಸ್ಕ್ರೀನ್ ಮೇಲೆ ಲೈಟ್ ಸೆಟ್ಟಿಂಗ್ ಒಳಗೆ ‘ಟ್ರಾವೆಲ್ ಮೋಡ್’ ಇರುತ್ತೆ, ಆನ್ ಮಾಡಿದರೆ ಮುಗೀತು. ಕೆಲವು ಪ್ರೊಜೆಕ್ಟರಿಗೆ ಹಿಂದಿನ ಡಸ್ಟ್ ಕ್ಯಾಪ್ ತೆಗೆದರೆ ಒಂದು ಚಿಕ್ಕ ಲಿವರ್ ಸಿಗುತ್ತೆ. ತಳ್ಳಿದರೆ ಒಳಗಿನ ತಗಡು ಸರಿದು ಮೇಲಂಚು ಪೂರ್ತಿ ಮಟ್ಟಸವಾಗುತ್ತೆ. ಎರಡೂ ಲೈಟಿಗೆ ಮಾಡಬೇಕು. ಒಂದನ್ನು ಮರೆತು ಬಿಡೋದೇ ಜಾಸ್ತಿ. ಕ್ಸೆನಾನ್ ಅನಿಲದ ಲೈಟಾಗಿದ್ದರೆ ಆಫ್ ಮಾಡದೆ ಕೈ ಹಾಕಬೇಡಿ, ಹೊತ್ತಿಕೊಳ್ಳುವಾಗ 20 ಸಾವಿರ ವೋಲ್ಟಿಗೂ ಮೇಲೆ ಹೋಗುತ್ತೆ.

ಮುಖ್ಯವಾದ್ದು: ಏರು ಮರೆಮಾಡೋಕೆ ಅಂತ ಪ್ರೊಜೆಕ್ಟರಿಗೆ ಕಪ್ಪು ಟೇಪ್ ಹಚ್ಚೋದು ವ್ಯರ್ಥ. ಅಂಚನ್ನು ಕತ್ತರಿಸೋ ತಗಡು ಲೆನ್ಸಿನ ಹಿಂದೆ, ಅದರ ಫೋಕಸ್ ಜಾಗದಲ್ಲಿದೆ. ಲೆನ್ಸಿನ ಒಂದು ಮೂಲೆ ಮುಚ್ಚಿದರೆ ಏರು ಹೋಗಲ್ಲ, ಇಡೀ ಬೆಳಕು ಮಂಕಾಗುತ್ತೆ. ಲಿವರೂ ಇಲ್ಲ, ಮೋಡೂ ಇಲ್ಲ ಅಂದರೆ ಆ ಮಾಡೆಲಿಗೆ ಎಲ್ಲಿ ಅಂಟಿಸಬೇಕು ಅಂತ ನಕ್ಷೆ ಕೊಟ್ಟಿರೋ, ಬೆಳಕನ್ನು ಬಾಗಿಸೋ ಸ್ಟಿಕ್ಕರ್ ಹುಡುಕಿ.

ಜೆ.ಸಿ. ರೋಡ್ ಕಾಯಂ ಗಿರಾಕಿ
ಎಚ್4 ಗಾಡಿಗೆ ಟೇಪೇ ಸಾಕು, ಕ್ರಮವಾಗಿ ಮಾಡಿದರೆ. ಒಂದು ಲೈಟಿನ ಕನೆಕ್ಟರ್ ಬಿಚ್ಚಿಡಿ. ಇನ್ನೊಂದರ ಲೋ ಬೀಮ್ ಗೋಡೆಗೆ ಬಿಡಿ. ಲಗ್ನಪತ್ರಿಕೆಯ ರಟ್ಟಿನಿಂದ ಎರಡು ಬೆರಳಗಲದ ಪಟ್ಟಿ ಕತ್ತರಿಸಿ, ಗಾಜಿಗೆ ಒತ್ತಿ ಹಿಡಿದು ನಿಧಾನಕ್ಕೆ ಸರಿಸ್ತಾ ಹೋಗಿ. ಕಣ್ಣು ಗೋಡೆ ಮೇಲಿರಲಿ. ಒಂದು ಜಾಗದಲ್ಲಿ ಆ ಏರು ತಟ್ಟನೆ ಮಾಯವಾಗುತ್ತೆ, ಉಳಿದ ಬೆಳಕು ಹಾಗೇ ಇರುತ್ತೆ. ಅಲ್ಲೇ ಗಾಜಿನ ಮೇಲೆ ಬರೆಯೋ ಪೆನ್ಸಿಲಿನಿಂದ ಗುರುತು ಹಾಕಿ, ಅಷ್ಟಕ್ಕೇ ಟೇಪ್ ಕತ್ತರಿಸಿ. ಆಮೇಲೆ ಎರಡನೇ ಲೈಟಿಗೆ ಬೇರೆಯಾಗೇ ಮಾಡಿ. ಎರಡೂ ಲೈಟಿನ ಏರು ಎಡಕ್ಕೇ ಇರೋದು, ಹಾಗಾಗಿ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಅಂಟಿಸಿದರೆ ಕೆಟ್ಟಿತು.

ಕರೆಂಟಿನವರ ಇನ್ಸುಲೇಶನ್ ಟೇಪ್ ಬೇಡ, ಬಿಸಿಗೆ ಗೋಂದು ಹರಿಯುತ್ತೆ. ಶಾಖ ತಡೆಯೋ ಟೇಪ್ ತಗೊಳ್ಳಿ. ಬಲ್ಬು 60/55 ವ್ಯಾಟಿನದೇ (ಹೈ/ಲೋ) ಇರಲಿ. 100/90 ಹಾಕಿದ್ದರೆ ತೆಗೀರಿ, ಟೇಪಿನ ಹಿಂದೆ ಪ್ಲಾಸ್ಟಿಕ್ ಗಾಜು ಬೆಂದುಹೋಗುತ್ತೆ. ಎಚ್4 ಹೋಲ್ಡರಿಗೆ ತೂರಿಸೋ ಅಗ್ಗದ ಎಲ್‌ಇಡಿ ಬಲ್ಬ್ ಇದ್ದರೂ ಅಷ್ಟೇ. ಅದರಲ್ಲಿ ಅಂಚೇ ಕಲಸಿಹೋಗಿರುತ್ತೆ, ಏನಂತ ಮರೆಮಾಡ್ತೀರಿ? ಹೈ ಬೀಮಿಗೂ ಅದೇ ರಿಫ್ಲೆಕ್ಟರ್, ಅದೂ ಸ್ವಲ್ಪ ಕಡಿಮೆಯಾಗುತ್ತೆ.

ರಿಂಗ್‌ರೋಡ್ ರಾಯ
ಧನ್ಯವಾದ ಎಲ್ಲರಿಗೂ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ ಗೋಡೆ ಇದೆ, ಅಲ್ಲೇ ನೋಡಬಹುದಾ? ಎಷ್ಟು ದೂರ?

ಡಿಮ್ ಡಿಪ್
ನೋಡಬಹುದು, ಆದರೆ ಬೇಸ್‌ಮೆಂಟ್ ನೆಲ ನಂಬಬೇಡಿ. ನೀರು ಮೋರಿಗೆ ಹರೀಲಿ ಅಂತ ಇಳಿಜಾರು ಕೊಟ್ಟಿರ್ತಾರೆ. 10 ಮೀಟರಿಗೆ 10 ಸೆಂ.ಮೀ. ಇಳಿಜಾರಿದ್ದರೆ ನಿಮ್ಮ ಶೇ 1 ಅಲ್ಲೇ ಮುಳುಗಿತು. ಗಾರೆ ಕೆಲಸದವರ ನೀರಿನ ಲೆವೆಲ್ ಪೈಪಿನಲ್ಲಿ ಮುಂದಿನ ಚಕ್ರ, ಹಿಂದಿನ ಚಕ್ರ, ಗೋಡೆಬುಡ ಮೂರೂ ಒಂದೇ ಮಟ್ಟಕ್ಕಿವೆಯಾ ನೋಡ್ಕೊಳ್ಳಿ.

ಟೈರಿಗೆ ಸರಿಯಾದ ಗಾಳಿ, ಡ್ರೈವರ್ ಸೀಟಲ್ಲಿ ಒಬ್ಬರು, ನಾಬ್ ಸೊನ್ನೆಗೆ. ಲೈಟಿನ ಮಧ್ಯದಿಂದ ಗೋಡೆಗೆ 10 ಮೀಟರ್. ಆ ಮಧ್ಯದ ಎತ್ತರಕ್ಕೆ ಗೋಡೆ ಮೇಲೆ ಒಂದು ಗೆರೆ, ಅದರ 10 ಸೆಂ.ಮೀ. ಕೆಳಗೆ ಇನ್ನೊಂದು. (ನಿಮ್ಮ ಲೈಟಿನ ಹತ್ತಿರ ಶೇ 1.2 ಅಂತ ಬರೆದಿದ್ದರೆ 12 ಸೆಂ.ಮೀ.) ಮಟ್ಟಸ ಭಾಗ ಕೆಳಗಿನ ಗೆರೆ ಮೇಲೆ ಕೂರಬೇಕು. ಏರು ಶುರುವಾಗೋ ಜಾಗದಿಂದ ಎಡಕ್ಕೆ 37 ಸೆಂ.ಮೀ. ಹೋಗುವಷ್ಟರಲ್ಲಿ ಅದು ಮೇಲಿನ ಗೆರೆ ದಾಟುತ್ತೆ. ಟೇಪ್ ಹಚ್ಚಿದ ಮೇಲೆ ಎಲ್ಲೂ ದಾಟಬಾರದು. 5 ಮೀಟರಷ್ಟೇ ಜಾಗ ಇದ್ದರೆ ಎಲ್ಲ ಅಳತೆ ಅರ್ಧ.

ನಟ್ಟು ಬೋಲ್ಟು
ಒಂದು ಬಿಟ್ಟುಹೋಯಿತು. ಇಂಗ್ಲೆಂಡಲ್ಲಿ ಮತ್ತೆ ಎಡಗಡೆ, ಅಲ್ಲಿ ಟೇಪ್ ಇರಬಾರದು. ಫ್ರಾನ್ಸಿನ ಕ್ಯಾಲೆಯಿಂದ ಇಂಗ್ಲೆಂಡಿನ ಡೋವರ್‌ಗೆ ಹೋಗೋ ಹಡಗಲ್ಲಿ ನಡುದಾರಿಯಲ್ಲಿ ಕಾರಿನ ಡೆಕ್ಕಿಗೆ ಬಿಡಲ್ಲ. ಹಾಗಾಗಿ ಹಗಲು ಹೊತ್ತಲ್ಲಿ ಕ್ಯಾಲೆ ಕ್ಯೂನಲ್ಲೇ ಕಿತ್ತುಬಿಡಿ, ಟ್ರಾವೆಲ್ ಮೋಡ್ ಆಫ್ ಮಾಡಿ. ಸ್ಟಿಕ್ಕರ್ ಒಮ್ಮೆ ಕಿತ್ತರೆ ಮತ್ತೆ ಕೂರೋದು ಅಪರೂಪ, ವಾಪಸ್ ಬರೋಕೆ ಇನ್ನೊಂದು ಸೆಟ್ ಇಟ್ಕೊಳ್ಳಿ. ಉಳಿದ ಗೋಂದಿಗೆ ಬಿಸಿ ಸೋಪುನೀರು, ಆಗದಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್. ಥಿನ್ನರ್ ಮುಟ್ಟಿಸಬೇಡಿ, ಗಾಜು ಅನ್ಕೊಂಡಿರೋದು ಪಾಲಿಕಾರ್ಬೊನೇಟ್, ಒಂದೇ ಸಲಕ್ಕೆ ಮಬ್ಬಾಗುತ್ತೆ.