ಪ್ರಶ್ನೋತ್ತರ: ದುಡ್ಡು ನಮ್ಮದು, ಬೀಗದ ಕೈ ಅವರದು

ಅಡ್ಮಿನ್: ಈ ವಾರದ ಪ್ರಶ್ನೋತ್ತರಕ್ಕೆ ನಮ್ಮ ಗುಂಪಿನಲ್ಲೇ ಇರುವ ಒಬ್ಬ ಗೇಮ್ ಸರ್ವರ್ ಎಂಜಿನಿಯರ್ ಒಪ್ಪಿದ್ದಾರೆ. ಬೆಂಗಳೂರಿನಲ್ಲಿ ಹನ್ನೊಂದು ವರ್ಷದಿಂದ ಅವರಿಗೆ ಇದೇ ಕೆಲಸ. ಹೆಸರು ಬೇಡ ಅಂದಿದ್ದಾರೆ, ಕಂಪನಿ ಯಾವುದು ಅಂತಲೂ ಕೇಳಬೇಡಿ. ಕಾನೂನಿನ ಪ್ರಶ್ನೆಗೆ ನಮ್ಮ ವಕೀಲ ಸದಸ್ಯೆ ಇದ್ದಾರೆ. ಕ್ರ್ಯಾಕ್ (ಬೀಗ ಒಡೆದ ಕಳ್ಳ ಗೇಮ್) ಲಿಂಕ್ ಹಾಕಿದವರನ್ನು ಎರಡನೇ ಮಾತಿಲ್ಲದೆ ಹೊರಗೆ ಹಾಕುತ್ತೇನೆ.

ಪ್ರಶ್ನೆ (ತೀರ್ಥಹಳ್ಳಿಯಿಂದ): ಸರ್, ನಾನು ಒಂದು ಕಾರ್ ರೇಸ್ ಗೇಮ್ ಕೊಂಡೆ. ಸೇಲ್ ಇರಲಿಲ್ಲ, ಪೂರ್ತಿ ಬೆಲೆ ಕೊಟ್ಟೆ. ನಾನು ಯಾರ ಜೊತೆಗೂ ಆಡುವುದಿಲ್ಲ, ಒಬ್ಬನೇ ಕಂಪ್ಯೂಟರ್ ಎದುರು ಆಡುತ್ತೇನೆ. ನಮ್ಮ ಕಡೆ ಮಳೆಗಾಲ ಬಂತು ಅಂದರೆ ಫೈಬರ್ ತಂತಿ ಮೇಲೆ ಮರ ಬೀಳುವುದು ಮಾಮೂಲಿ. ಮೊನ್ನೆ ಕರೆಂಟ್ ಹೋಯಿತು. ಯುಪಿಎಸ್ ಇತ್ತು, ಕಂಪ್ಯೂಟರ್ ಓಡುತ್ತಲೇ ಇತ್ತು. ರೂಟರ್ ಮಾತ್ರ ಸತ್ತಿತ್ತು. ಕೊನೇ ಲ್ಯಾಪ್, ನಾನೇ ಮುಂದೆ. ಸ್ಕ್ರೀನ್ ನಿಂತಿತು, 'ಸರ್ವರ್ ಸಂಪರ್ಕ ಕಡಿದಿದೆ' ಅಂತ ಬಂತು, ಮೊದಲ ಮೆನುಗೆ ಎಸೆಯಿತು. ಗೇಮ್ ನನ್ನ ಹಾರ್ಡ್ ಡಿಸ್ಕ್‌ನಲ್ಲೇ ಐವತ್ತು ಜಿಬಿ ಜಾಗ ತಿನ್ನುತ್ತಾ ಕೂತಿದೆ. ಮತ್ತೆ ಇಂಟರ್‌ನೆಟ್ ಯಾಕೆ ಬೇಕು?

ಉತ್ತರ (ಎಂಜಿನಿಯರ್): ನಿಮ್ಮ ಹೊಟ್ಟೆ ಉರಿ ಅರ್ಥವಾಗುತ್ತದೆ. ಒಂದು ತಪ್ಪೊಪ್ಪಿಗೆಯಿಂದಲೇ ಶುರು ಮಾಡುತ್ತೇನೆ. ಇಂಟರ್‌ನೆಟ್ ಇದೆಯಾ ಅಂತ ತಪಾಸಣೆ ಮಾಡುವ ಇಂಥದ್ದೇ ಕೋಡನ್ನು ನಾನೇ ಒಂದು ಗೇಮ್‌ಗೆ ಬರೆದಿದ್ದೇನೆ.

ಒಳಗೆ ನಡೆಯುವುದು ಇಷ್ಟು. ನೀವು ಗೇಮ್ ತೆರೆದ ಕೂಡಲೇ ಅದು ಕಂಪನಿಯ ಲಾಗಿನ್ ಸರ್ವರ್‌ಗೆ, ಅಂದರೆ ಅವರ ಕಡೆ ಇರುವ ಕಂಪ್ಯೂಟರ್‌ಗೆ, ಫೋನ್ ಹಚ್ಚುತ್ತದೆ. ಅಲ್ಲಿಂದ ಒಂದು ಟೋಕನ್ ಬರುತ್ತದೆ. ಜಾತ್ರೆಯಲ್ಲಿ ಕೈಗೆ ಒತ್ತುವ ಸೀಲ್ ಇದ್ದ ಹಾಗೆ, ಸ್ವಲ್ಪ ಹೊತ್ತಿಗೆ ಅಳಿಸಿಹೋಗುತ್ತದೆ. ಆಮೇಲೆ ಆಟದ ಉದ್ದಕ್ಕೂ ಹಾರ್ಟ್‌ಬೀಟ್ ಅಂತ ಒಂದು ಚಿಕ್ಕ ಸಂದೇಶ ಹೋಗುತ್ತಲೇ ಇರುತ್ತದೆ. 'ಇದ್ದೀಯಾ?' 'ಇದ್ದೀನಿ.' ನಾನು ಬರೆದದ್ದರಲ್ಲಿ ಮೂವತ್ತು ಸೆಕೆಂಡಿಗೊಮ್ಮೆ ಕೇಳುತ್ತಿತ್ತು. ಸತತ ಮೂರು ಸಲ ಉತ್ತರ ಬರದಿದ್ದರೆ ಹೊರಗೆ. ಅಂದರೆ ಒಂದೂವರೆ ನಿಮಿಷ. ನಿಮ್ಮ ಕೊನೇ ಲ್ಯಾಪ್ ಕೂಡ ಹೆಚ್ಚುಕಡಿಮೆ ಇಂಥ ಲೆಕ್ಕದಲ್ಲೇ ಹೋಗಿರುತ್ತದೆ.

ಇದನ್ನು ಯಾಕೆ ಇಡುತ್ತಾರೆ ಅಂದರೆ ಕಾರಣ ಮೂರು ನಾಲ್ಕಿವೆ. ಪೈರಸಿ ತಡೆಯಲು, ಮೋಸದ ಆಟ ಹಿಡಿಯಲು, ಗೇಮ್ ಒಳಗಿನ ಅಂಗಡಿ ಸದಾ ತೆರೆದಿರಲಿ ಅಂತ, ನಿಮ್ಮ ಸೇವ್ ಫೈಲ್ (ಆಟ ಎಲ್ಲಿಗೆ ಬಂತು ಅನ್ನುವ ದಾಖಲೆ) ಅವರ ಹತ್ತಿರವೇ ಇರಲಿ ಅಂತ. ಹತ್ತು ಜನ ಒಟ್ಟಿಗೆ ಆಡುವ ಗೇಮ್‌ಗೆ ಸರ್ವರ್ ಬೇಕೇ ಬೇಕು, ಅದರಲ್ಲಿ ತಕರಾರಿಲ್ಲ. ಒಬ್ಬರೇ ಆಡುವ ರೇಸ್‌ಗೆ? ಕಾರು ಓಡುವುದು, ಗುದ್ದುವುದು, ಎದುರಾಳಿ ತಿರುವು ತೆಗೆದುಕೊಳ್ಳುವುದು ಬಹುತೇಕ ಎಲ್ಲ ನಿಮ್ಮ ಮಶೀನ್‌ನಲ್ಲೇ ನಡೆಯುತ್ತದೆ. ಸರ್ವರ್ ಸುಮ್ನೆ ಹಾಜರಿ ಹಾಕುತ್ತಿರುತ್ತದೆ.

ಪ್ರಶ್ನೆ (ಹುಬ್ಬಳ್ಳಿಯಿಂದ): ಆದರೆ ಕಂಪನಿಯವರು 'ಅರ್ಧ ಲೆಕ್ಕ ನಮ್ಮ ಸರ್ವರ್‌ನಲ್ಲೇ ಆಗುತ್ತದೆ, ಆಫ್‌ಲೈನ್ ಸಾಧ್ಯವೇ ಇಲ್ಲ' ಅಂತಾರಲ್ಲ ಸರ್? ಸುಳ್ಳಾ?

ಉತ್ತರ: ಎಲ್ಲ ಸಲ ಸುಳ್ಳಲ್ಲ. ಆದರೆ ಈ ಮಾತಿಗೆ ಒಂದು ಹಳೇ ಕಥೆ ಇದೆ. 2013ರ ಮಾರ್ಚ್‌ನಲ್ಲಿ ಇಎ ಕಂಪನಿ ಹೊಸ ಸಿಮ್‌ಸಿಟಿ ಬಿಟ್ಟಿತು. ಊರು ಕಟ್ಟುವ ಆಟ, ಒಬ್ಬರೇ ಕೂತು ಆಡುವಂಥದ್ದು. ಅದಕ್ಕೂ ಸದಾ ಇಂಟರ್‌ನೆಟ್ ಬೇಕಿತ್ತು. ಬಿಡುಗಡೆಯ ದಿನಗಳಲ್ಲಿ ಸರ್ವರ್ ಮಲಗಿತು, ದುಡ್ಡು ಕೊಟ್ಟವರು ಸಾಲಿನಲ್ಲಿ ಕಾದರು. ಗೇಮ್ ಮಾಡಿದ ಮ್ಯಾಕ್ಸಿಸ್‌ನವರು ಹೇಳಿದ್ದೂ ಇದನ್ನೇ: ಲೆಕ್ಕಾಚಾರದ ದೊಡ್ಡ ಭಾಗ ನಮ್ಮ ಕಡೆ ಆಗುತ್ತದೆ, ಆಫ್‌ಲೈನ್ ಮಾಡುವುದು ಸಣ್ಣ ಕೆಲಸವಲ್ಲ. ಕೆಲವೇ ದಿನಗಳಲ್ಲಿ ಒಬ್ಬ ಮಾಡರ್ (ಗೇಮ್‌ನ ಕೋಡ್ ತಿದ್ದುವ ಹವ್ಯಾಸಿ) ಸಂಪರ್ಕ ಕಡಿದರೂ ಊರು ನಡೆಯುವುದನ್ನು ತೋರಿಸಿದ. ಸರಿಯಾಗಿ ಒಂದು ವರ್ಷಕ್ಕೆ, 2014ರ ಮಾರ್ಚ್‌ನಲ್ಲಿ, ಕಂಪನಿಯೇ ಆಫ್‌ಲೈನ್ ಅಪ್‌ಡೇಟ್ ಕೊಟ್ಟಿತು.

ಅದಕ್ಕೂ ಮೊದಲು, 2012ರ ಮೇನಲ್ಲಿ ಡಯಾಬ್ಲೊ 3 ಅನ್ನುವ ಗೇಮ್ ಬಂದಾಗ ಲಾಗಿನ್ ಪುಟದಲ್ಲೇ 'ಎರರ್ 37', ಅಂದರೆ ಸರ್ವರ್ ಬಿಜಿ, ಅಂತ ನೋಡುತ್ತಾ ಕೂತವರು ಈ ಗುಂಪಿನಲ್ಲಿ ಇದ್ದೇ ಇರುತ್ತಾರೆ. ಕೈ ಎತ್ತಿ.

(ಏಳು ಜನ ಕೈ ಎತ್ತಿದ್ದಾರೆ. ಅದರಲ್ಲಿ ಅಡ್ಮಿನ್ ಕೂಡ ಒಬ್ಬರು.)

ಪ್ರಶ್ನೆ (ದಾವಣಗೆರೆಯಿಂದ): ಇಂಟರ್‌ನೆಟ್ ಹೋದರೆ ನಾಳೆ ಬರುತ್ತದೆ ಬಿಡಿ. ಕಂಪನಿಯೇ ಸರ್ವರ್ ಮುಚ್ಚಿದರೆ? 'ದಿ ಕ್ರೂ' ಗಲಾಟೆ ಬಗ್ಗೆ ಅರ್ಧಂಬರ್ಧ ಕೇಳಿದ್ದೇನೆ. ಪೂರ್ತಿ ಹೇಳುತ್ತೀರಾ?

ಉತ್ತರ: ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಯಾಕೆಂದರೆ ಈಗ ನಡೆಯುತ್ತಿರುವ ಎಲ್ಲ ಜಗಳದ ಬೇರು ಇಲ್ಲೇ ಇದೆ.

ದಿ ಕ್ರೂ ಫ್ರಾನ್ಸಿನ ಯುಬಿಸಾಫ್ಟ್ ಕಂಪನಿಯ ಕಾರ್ ಗೇಮ್. 2014ರ ಡಿಸೆಂಬರ್‌ನಲ್ಲಿ ಬಂತು. ಇಡೀ ಅಮೆರಿಕವನ್ನೇ ಕುಗ್ಗಿಸಿ ಒಂದೇ ನಕ್ಷೆಯಲ್ಲಿ ಇಟ್ಟಿದ್ದರು. ನ್ಯೂಯಾರ್ಕ್‌ನಲ್ಲಿ ಹೊರಟರೆ ಎಲ್ಲೂ ಲೋಡಿಂಗ್ ಇಲ್ಲದೆ ಲಾಸ್ ಏಂಜಲೀಸ್ ತನಕ ಓಡಿಸಬಹುದಿತ್ತು. ಕಥೆ ಇತ್ತು, ಒಬ್ಬರೇ ಆಡಬಹುದಿತ್ತು. ಆದರೆ ಸರ್ವರ್ ಇಲ್ಲದೆ ಮೆನು ಕೂಡ ದಾಟುತ್ತಿರಲಿಲ್ಲ. 2023ರ ಡಿಸೆಂಬರ್‌ನಲ್ಲಿ ಮಾರಾಟ ನಿಲ್ಲಿಸಿದರು. 2024ರ ಮಾರ್ಚ್ 31ಕ್ಕೆ ಸರ್ವರ್ ಮುಚ್ಚಿದರು. ಅಲ್ಲಿಗೆ ಡಿಸ್ಕ್ ಇಟ್ಟುಕೊಂಡವರಿಗೂ ಗೇಮ್ ಮುಗಿಯಿತು. ಇಷ್ಟಕ್ಕೇ ನಿಂತಿದ್ದರೆ ಜನ ಬೈದು ಸುಮ್ಮನಾಗುತ್ತಿದ್ದರೋ ಏನೋ. ಮುಂದಿನ ದಿನಗಳಲ್ಲಿ ಆಟಗಾರರು ತಮ್ಮ ಖಾತೆ ತೆರೆದು ನೋಡಿದರೆ ಗೇಮ್‌ನ ಲೈಸೆನ್ಸನ್ನೇ ವಾಪಸ್ ತೆಗೆದುಕೊಂಡಿದ್ದರು. ಸತ್ತ ಗೇಮ್ ಆದರೂ ಪಟ್ಟಿಯಲ್ಲಿ ಇರಲಿ ಅಂದುಕೊಂಡವರಿಗೆ ಅದೂ ಇಲ್ಲ.

2024ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಇಬ್ಬರು ಆಟಗಾರರು ಕೋರ್ಟ್‌ಗೆ ಹೋದರು. ಕಂಪನಿ ಕೊಟ್ಟ ಉತ್ತರದ ಸಾರ ಇದು: ನಿಮಗೆ ಕೊಟ್ಟದ್ದು ಬಳಸುವ ಅನುಮತಿ, ಒಡೆತನ ಅಲ್ಲ, ಡಬ್ಬಿಯ ಮೇಲೂ ಹಾಗೆಂದು ಬರೆದಿತ್ತು. ಅದಕ್ಕೆ ಆಟಗಾರರ ಕಡೆಯವರು ಅದೇ ಡಬ್ಬಿಯನ್ನೇ ತೋರಿಸಿದರು. ಗೇಮ್ ಚಾಲೂ ಮಾಡುವ ಒಳಗಿನ ಕೋಡ್ 2099ರವರೆಗೆ ನಡೆಯುತ್ತದೆ ಅಂತ ಅದರ ಮೇಲೆ ಅಚ್ಚಾಗಿತ್ತು. ಈ 2099 ನನಗೆ ಬಹಳ ಇಷ್ಟವಾದ ವಿವರ. ಯಾವನೋ ಪಾಪದ ಡಿಸೈನರ್ 'ಯಾವಾಗಲೂ' ಅನ್ನುವ ಅರ್ಥದಲ್ಲಿ ತೋಚಿದ ವರ್ಷ ಹಾಕಿರುತ್ತಾನೆ.

ಇನ್ನೊಂದು ಮಾತು. ಅಭಿಮಾನಿಗಳು ಸುಮ್ಮನೆ ಕೂರಲಿಲ್ಲ. ಸರ್ವರ್ ಮುಚ್ಚುವ ಮೊದಲೇ ಗೇಮ್ ಮತ್ತು ಸರ್ವರ್ ಮಾತಾಡುವುದನ್ನು ದಾಖಲು ಮಾಡಿಕೊಂಡಿದ್ದರು. ಅದನ್ನು ನೋಡಿ ನಕಲಿ ಸರ್ವರ್ ಕಟ್ಟಿ 2025ರಲ್ಲಿ ಅದೇ ಗೇಮ್ ಓಡಿಸಿದರು. ಯುಬಿಸಾಫ್ಟ್ ಕೂಡ ದಿ ಕ್ರೂ 2ಕ್ಕೆ 2025ರಲ್ಲಿ ಆಫ್‌ಲೈನ್ ವ್ಯವಸ್ಥೆ ಕೊಟ್ಟಿತು. 'ಆಗುವುದೇ ಇಲ್ಲ' ಅನ್ನುವ ಮಾತು ಎಷ್ಟು ಗಟ್ಟಿ ಅಂತ ನೀವೇ ನೋಡಿ.

ಪ್ರಶ್ನೆ (ಮ್ಯೂನಿಕ್‌ನಿಂದ): ನಾನು ಇಲ್ಲಿ ಕೆಲಸದ ಮೇಲೆ ಇರುವ ಮಂಡ್ಯದವನು. ಯುರೋಪಿನಲ್ಲಿ ಇದಕ್ಕೊಂದು ಸಹಿ ಚಳವಳಿ ನಡೆಯಿತು. ನಾನೂ ಸಹಿ ಹಾಕಲು ಹೋದೆ, ಪೌರತ್ವ ಕೇಳಿತು. ಭಾರತದ ಪಾಸ್‌ಪೋರ್ಟ್, ಆಗಲಿಲ್ಲ. ಜರ್ಮನ್ ಸಹೋದ್ಯೋಗಿಯ ಹಿಂದೆ ಬಿದ್ದು ಹಾಕಿಸಿದೆ. ಅವನಿಗೆ ಗೇಮ್ ಅಂದರೆ ಮೊಬೈಲ್‌ನಲ್ಲಿ ಚೆಸ್ ಅಷ್ಟೇ. ಇದರಿಂದ ಏನಾದರೂ ಆಗುತ್ತದಾ?

ಉತ್ತರ: ನಿಮ್ಮ ಸಹೋದ್ಯೋಗಿಗೆ ಗುಂಪಿನ ಪರವಾಗಿ ಒಂದು ಬಿಯರ್ ಕೊಡಿಸಿ. ಅದು 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್'. ರಾಸ್ ಸ್ಕಾಟ್ ಅನ್ನುವ ಯೂಟ್ಯೂಬರ್ 2024ರ ಏಪ್ರಿಲ್‌ನಲ್ಲಿ, ದಿ ಕ್ರೂ ಮುಚ್ಚಿದ ಬೆನ್ನಿಗೇ ಶುರು ಮಾಡಿದ್ದು. ಯುರೋಪಿಯನ್ ಒಕ್ಕೂಟದ ಅರ್ಜಿಗೆ 10 ಲಕ್ಷ ಸಹಿ ಬೇಕಿತ್ತು. 2025ರ ಜುಲೈ 31ಕ್ಕೆ ಗಡುವು ಮುಗಿಯುವ ಮೊದಲೇ ಅದು ದಾಟಿತು.

ಇದರ ಬೇಡಿಕೆಯನ್ನು ಜನ ಜಾಸ್ತಿ ತಪ್ಪು ತಿಳಿಯುತ್ತಾರೆ. ಸರ್ವರನ್ನು ಎಂದೆಂದೂ ನಡೆಸಿ ಅಂತ ಯಾರೂ ಕೇಳಿಲ್ಲ. ಮುಚ್ಚಿ, ಆದರೆ ಹೋಗುವಾಗ ಗೇಮ್ ಆಡುವ ಸ್ಥಿತಿಯಲ್ಲಿ ಬಿಟ್ಟುಹೋಗಿ ಅಂತ. ಉದ್ಯಮದ ಸಂಘ ವಿಡಿಯೊ ಗೇಮ್ಸ್ ಯುರೋಪ್ ಇದನ್ನು ವಿರೋಧಿಸಿತು. ಖಾಸಗಿ ಸರ್ವರ್‌ಗಳಲ್ಲಿ ಆಟಗಾರರ ಮಾಹಿತಿ ಕಾಯುವವರು ಯಾರು, ಕಾನೂನುಬಾಹಿರ ವಿಷಯ ಬಂದರೆ ಹೊಣೆ ಯಾರದು, ಗೇಮ್ ಮಾಡುವ ಖರ್ಚು ಏರುತ್ತದೆ ಅಂತ ಅವರ ವಾದ.

ಸರ್ವರ್ ಕೆಲಸ ಮಾಡುವವನಾಗಿ ಹೇಳುತ್ತೇನೆ, ಖರ್ಚಿನ ಮಾತಿನಲ್ಲಿ ಅರ್ಧ ನಿಜ ಇದೆ. ಇವತ್ತಿನ ಗೇಮ್‌ನ ಹಿಂದೆ ಒಂದು ಸರ್ವರ್ ಇರುವುದಿಲ್ಲ. ಲಾಗಿನ್‌ಗೆ ಒಂದು, ಜೋಡಿ ಹುಡುಕಲು ಒಂದು, ಸೇವ್‌ಗೆ ಒಂದು, ಅಂಗಡಿಗೆ ಒಂದು. ಕೆಲವು ಬೇರೆ ಕಂಪನಿಯಿಂದ ಬಾಡಿಗೆಗೆ ತಂದವು, ಅವನ್ನು ನಿಮಗೆ ಹಂಚುವ ಹಕ್ಕೇ ಇರುವುದಿಲ್ಲ. ಹತ್ತು ವರ್ಷವಾದ ಮೇಲೆ ಬಿಡಿಸಲು ಹೋದರೆ ಬರೆದವರೆಲ್ಲ ಕೆಲಸ ಬಿಟ್ಟು ಹೋಗಿರುತ್ತಾರೆ. ನರಕ. ಅದೇ ಮೊದಲ ದಿನವೇ 'ಇದು ಒಂದು ದಿನ ಮುಚ್ಚುತ್ತದೆ' ಅಂತ ಯೋಚಿಸಿ ಕಟ್ಟಿದರೆ ಖರ್ಚು ಬಹಳ ಕಡಿಮೆ. ಮನೆ ಕಟ್ಟುವಾಗಲೇ ಹಿತ್ತಲ ಬಾಗಿಲು ಇಡುವುದಕ್ಕೂ, ಆಮೇಲೆ ಗೋಡೆ ಒಡೆಯುವುದಕ್ಕೂ ಇರುವ ವ್ಯತ್ಯಾಸ. ಸಣ್ಣ ತಂಡವೊಂದು ಮಾಡಿ ತೋರಿಸಿದೆ: ನಾಕ್‌ಔಟ್ ಸಿಟಿ ಅನ್ನುವ ಗೇಮ್ 2023ರ ಜೂನ್‌ನಲ್ಲಿ ಮುಚ್ಚಿದಾಗ, ಕಂಪ್ಯೂಟರ್‌ನಲ್ಲಿ ಆಡುವವರಿಗೆ ಸ್ವಂತ ಸರ್ವರ್ ನಡೆಸುವ ಆವೃತ್ತಿಯನ್ನು ಪುಕ್ಕಟೆ ಬಿಟ್ಟುಹೋದರು.

ದುಡ್ಡು ವಾಪಸ್ ಕೊಟ್ಟ ಉದಾಹರಣೆಯೂ ಇದೆ. ಸೋನಿಯ ಕಾಂಕಾರ್ಡ್ 2024ರ ಆಗಸ್ಟ್ 23ಕ್ಕೆ ಬಂತು, ಸೆಪ್ಟೆಂಬರ್ 6ಕ್ಕೆ ಮುಚ್ಚಿತು. ಎಲ್ಲರಿಗೂ ಪೂರ್ತಿ ಹಣ ಹೋಯಿತು. ಎರಡೇ ವಾರ ಬದುಕಿದ್ದಕ್ಕೆ ಸಿಕ್ಕ ಮರ್ಯಾದೆ ಅದು. ಹತ್ತು ವರ್ಷ ನಡೆದ ಗೇಮ್‌ಗೆ ಯಾರೂ ಕೊಡುವುದಿಲ್ಲ.

ಪ್ರಶ್ನೆ (ಮೈಸೂರಿನಿಂದ): 'ಬೈ' (ಕೊಳ್ಳಿ) ಅಂತ ಬಟನ್ ಇಟ್ಟು ಆಮೇಲೆ 'ಲೈಸೆನ್ಸ್ ಮಾತ್ರ' ಅನ್ನುವುದು ಮೋಸ ಅಲ್ವಾ? ನಮ್ಮಲ್ಲಿ ಎಲ್ಲಿ ದೂರು ಕೊಡಬೇಕು? ವಕೀಲರನ್ನೇ ಕೇಳುತ್ತಿದ್ದೇನೆ.

ಉತ್ತರ (ವಕೀಲೆ): ಬಟನ್ ಬಗ್ಗೆ ಕ್ಯಾಲಿಫೋರ್ನಿಯಾ ಕಾನೂನೇ ಮಾಡಿದೆ. 2025ರ ಜನವರಿ 1ರಿಂದ ಅಲ್ಲಿ, ಸಿಗುವುದು ಲೈಸೆನ್ಸ್ ಅಂತ ಸ್ಪಷ್ಟವಾಗಿ ತಿಳಿಸದೆ ಡಿಜಿಟಲ್ ಸರಕಿಗೆ 'ಬೈ' ಅನ್ನುವ ಪದ ಬಳಸುವಂತಿಲ್ಲ. ಯಾವತ್ತಿಗೂ ಆಫ್‌ಲೈನ್ ಇಟ್ಟುಕೊಳ್ಳಬಹುದಾದ ಡೌನ್‌ಲೋಡ್‌ಗೆ ಇದು ಅನ್ವಯವಾಗುವುದಿಲ್ಲ. ಅದಕ್ಕೇ ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ದುಡ್ಡು ಕೊಡುವ ಪುಟದಲ್ಲಿ 'ಲೈಸೆನ್ಸ್' ಅನ್ನುವ ಸಾಲು ಬಂದಿರುವುದು. ಗಮನಿಸಿ, ಈ ಕಾನೂನು ಗೇಮ್ ಕಿತ್ತುಕೊಳ್ಳುವುದನ್ನು ತಡೆಯುವುದಿಲ್ಲ. ಕಿತ್ತುಕೊಳ್ಳುತ್ತೇವೆ ಅಂತ ಮೊದಲೇ ಹೇಳಿ ಅನ್ನುತ್ತದೆ, ಅಷ್ಟೇ.

ನಮ್ಮಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಅದರಲ್ಲಿ ಇ-ಕಾಮರ್ಸ್ ಅಂದರೆ ಡಿಜಿಟಲ್ ಉತ್ಪನ್ನವೂ ಸೇರುತ್ತದೆ. ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದರಿಂದ ಆಗದಿದ್ದರೆ ನೀವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಹಾಕಬಹುದು, ಕಂಪನಿ ಇರುವ ಊರಿಗೆ ಓಡಬೇಕಿಲ್ಲ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಗಡುವು ಎರಡು ವರ್ಷ. ಆದರೆ 'ಕರಾರೇ ಅನ್ಯಾಯದ್ದು' ಅಂತ ವಾದಿಸುವುದಾದರೆ ಜಿಲ್ಲೆಯಲ್ಲಿ ಆಗುವುದಿಲ್ಲ, ರಾಜ್ಯ ಆಯೋಗಕ್ಕೇ ಹೋಗಬೇಕು. ಇಲ್ಲಿ ಬಹಳ ಜನ ಎಡವುತ್ತಾರೆ.

ಎರಡೂವರೆ ಸಾವಿರದ ಗೇಮ್‌ಗೆ ಇಷ್ಟು ಅಲೆಯಬೇಕಾ ಅನ್ನುವುದು ನಿಮ್ಮ ಲೆಕ್ಕ. ಅಲೆಯುವುದಾದರೆ ಬಿಲ್, ಕೊಂಡ ದಿನದ ಅಂಗಡಿ ಪುಟದ ಸ್ಕ್ರೀನ್‌ಶಾಟ್, ಸರ್ವರ್ ಮುಚ್ಚುವ ಮೇಲ್ ಇಷ್ಟನ್ನು ಎತ್ತಿಡಿ. ಪುಟವನ್ನು ಅವರು ಆಮೇಲೆ ಬದಲಿಸುತ್ತಾರೆ, ನಿಮ್ಮ ಸ್ಕ್ರೀನ್‌ಶಾಟ್ ಬದಲಾಗುವುದಿಲ್ಲ.

ಪ್ರಶ್ನೆ (ಬೆಂಗಳೂರಿನಿಂದ): ಇದಕ್ಕೇ ನಾನು ಡಿಸ್ಕ್ ಮಾತ್ರ ತೆಗೆದುಕೊಳ್ಳುವುದು. ಸೆಕೆಂಡ್‌ಹ್ಯಾಂಡ್ ಆದರೂ ಪರವಾಗಿಲ್ಲ. ಸೇಫ್ ತಾನೇ?

ಉತ್ತರ (ಎಂಜಿನಿಯರ್): ಡಿಸ್ಕ್ ಒಳಗೆ ಏನಿದೆ ಅನ್ನುವುದರ ಮೇಲೆ. ಪೂರ್ತಿ ಗೇಮ್ ಇದ್ದರೆ ಸೇಫ್. ಎಷ್ಟೋ ಡಿಸ್ಕ್‌ಗಳಲ್ಲಿ ಈಗ ಗೇಮ್‌ನ ಚೂರು ಇರುತ್ತದೆ, ಉಳಿದದ್ದು ಡೌನ್‌ಲೋಡ್. ದಿ ಕ್ರೂ ಡಿಸ್ಕ್ ಇದ್ದವರ ಕಥೆ ಮೇಲೆ ಹೇಳಿದೆನಲ್ಲ. ಸೆಕೆಂಡ್‌ಹ್ಯಾಂಡ್ ಮೇಲೆ ಕಂಪನಿಗಳ ಕಣ್ಣು ಹಳೆಯದು. 2010ರ ಸುಮಾರಿಗೆ ಇಎ 'ಆನ್‌ಲೈನ್ ಪಾಸ್' ಅಂತ ತಂದಿತ್ತು. ಡಬ್ಬಿಯಲ್ಲಿ ಒಂದೇ ಸಲ ನಡೆಯುವ ಕೋಡ್, ಎರಡನೆಯವನು ಆನ್‌ಲೈನ್ ಆಡಬೇಕಾದರೆ ಮತ್ತೆ 10 ಡಾಲರ್. ಬೈಗುಳ ತಿಂದು 2013ರಲ್ಲಿ ಕೈಬಿಟ್ಟರು. ಅದೇ ವರ್ಷ ಮೈಕ್ರೋಸಾಫ್ಟ್, ತನ್ನ ಹೊಸ ಗೇಮ್ ಯಂತ್ರ ಎಕ್ಸ್‌ಬಾಕ್ಸ್ ಒನ್ 24 ಗಂಟೆಗೊಮ್ಮೆ ಇಂಟರ್‌ನೆಟ್‌ಗೆ ಬಂದು ಹಾಜರಿ ಹಾಕಲೇಬೇಕು ಅಂದಿತು. ಕೂಗಾಟ ಎದ್ದು, ಮಾರುಕಟ್ಟೆಗೆ ಬರುವ ಮೊದಲೇ ಮಾತು ಹಿಂತೆಗೆದುಕೊಂಡಿತು. ಕೂಗಾಡಿದರೆ ಏನೂ ಆಗಲ್ಲ ಅನ್ನುವವರಿಗೆ ನಾನು ಹೇಳುವುದು ಈ ಎರಡು ಕಥೆ.

ಪ್ರಶ್ನೆ (ತೀರ್ಥಹಳ್ಳಿಯಿಂದ, ಮತ್ತೆ): ಹಾಗಾದರೆ ಕೊಳ್ಳುವ ಮೊದಲು ನಾನು ನೋಡಬೇಕಾದ್ದು ಏನು ಸರ್?

ಉತ್ತರ: ಅಂಗಡಿ ಪುಟದ ಬಲಬದಿಯಲ್ಲಿ ಸಣ್ಣ ಅಕ್ಷರ ಇರುತ್ತದೆ. ಬೇರೆ ಖಾತೆ ಬೇಕಾ, ಸದಾ ಇಂಟರ್‌ನೆಟ್ ಬೇಕಾ ಅಂತ ಅಲ್ಲೇ ಓದಿ. ಗಾಗ್‌ನಲ್ಲಿ (ಇಂಥ ಬೀಗವಿಲ್ಲದ ಗೇಮ್ ಮಾರುವ ಆನ್‌ಲೈನ್ ಅಂಗಡಿ) ಸಿಗುವ ಗೇಮ್ ಆದರೆ ಅಲ್ಲೇ ತೆಗೆದುಕೊಂಡು ಆಫ್‌ಲೈನ್ ಇನ್‌ಸ್ಟಾಲರನ್ನು ಒಂದು ಹಾರ್ಡ್ ಡಿಸ್ಕ್‌ಗೆ ಹಾಕಿಡಿ. ಸ್ಟೀಮ್ ಆದರೆ ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಸಿಗುತ್ತದೆ. ಆ ಎರಡು ಗಂಟೆಯಲ್ಲಿ ಹತ್ತು ನಿಮಿಷ ಇದಕ್ಕೆ ಕೊಡಿ: ಸ್ಟೀಮನ್ನು ಆಫ್‌ಲೈನ್ ಮೋಡ್‌ಗೆ ಹಾಕಿ, ರೂಟರ್ ವೈರ್ ಕಿತ್ತು, ಗೇಮ್ ತೆರೆಯಿರಿ.

ತೀರ್ಥಹಳ್ಳಿ: ಈಗಷ್ಟೇ ವೈರ್ ಕಿತ್ತು ನೋಡಿದೆ. ಇರುವ ಹದಿನಾಲ್ಕರಲ್ಲಿ ಒಂಬತ್ತು ತೆರೆದವು. ಎರಡು ಲಾಗಿನ್ ಕೇಳಿದವು. ಮೂರು ತೆರೆಯಲೇ ಇಲ್ಲ, ಅದರಲ್ಲಿ ಒಂದು ಇಸ್ಪೀಟ್ ಆಟ. ಒಬ್ಬನೇ ಆಡುವ ಇಸ್ಪೀಟ್ ಸರ್! ವೈರ್ ಕಿತ್ತಿದ್ದಕ್ಕೆ ಅಪ್ಪನ ಕ್ರಿಕೆಟ್ ನಿಂತು ಮಂಗಳಾರತಿಯೂ ಆಯಿತು.

ಉತ್ತರ: ಒಂಬತ್ತು ಅಂದರೆ ಒಳ್ಳೆಯ ಲೆಕ್ಕವೇ. ಆದರೆ ಹಳೇ ಟೋಕನ್ ಕೆಲವೊಮ್ಮೆ ಹಲವು ದಿನ ಜೀವ ಹಿಡಿದಿರುತ್ತದೆ. ಇವತ್ತು ತೆರೆದದ್ದು ಎರಡು ವಾರ ಆಫ್‌ಲೈನ್ ಇದ್ದಮೇಲೂ ತೆರೆಯುತ್ತದಾ ನೋಡಿ. ನಿಮ್ಮ ಕಡೆ ಮಳೆಗಾಲದಲ್ಲಿ ಅದಕ್ಕೆ ವೈರ್ ಕೀಳಬೇಕಾಗಿಯೂ ಇಲ್ಲ ಅನ್ನಿಸುತ್ತದೆ.