ಚಾರ್ಮಾಡಿ ಇಳಿಜಾರಿನಲ್ಲಿ ಕೈಕೊಟ್ಟ ಮಂಡಿ: ಈ ಶಿವರಾತ್ರಿಗೆ ಮತ್ತೆ ನಡೆಯಬಹುದೇ?

ಪ್ರಶ್ನೆ (ಹಾಸನದಿಂದ):

ಮೇಡಂ, ಹಾಸನಾಂಬೆಯ ಬಾಗಿಲು ಮುಚ್ಚಿತು, ಊರಿನ ಗದ್ದಲ ಇಳಿಯಿತು. ಎಂಟು ತಿಂಗಳಿಂದ ಮನಸ್ಸಿನಲ್ಲೇ ಇದ್ದುದನ್ನು ಈಗ ಕೇಳುತ್ತಿದ್ದೇನೆ.

ಕಳೆದ ಶಿವರಾತ್ರಿಗೆ, ಅಂದರೆ 2025ರ ಫೆಬ್ರುವರಿ 26ಕ್ಕೆ, ಧರ್ಮಸ್ಥಳ ತಲುಪಬೇಕೆಂದು ನಾವು ಒಂಬತ್ತು ಜನ ಹಾಸನದಿಂದ ಪಾದಯಾತ್ರೆ ಹೊರಟೆವು. ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ, ಉಜಿರೆ ದಾರಿ. ಮೊದಲ ದಿನವೇ ಬೇಲೂರು ಮುಟ್ಟಿದೆವು, ಸುಮಾರು 40 ಕಿ.ಮೀ. ನಾನೇ ಎಲ್ಲರಿಗಿಂತ ಮುಂದೆ. ಹೊರಡುವ ಎರಡು ದಿನ ಮೊದಲು ಕೊಂಡಿದ್ದ ಶೂ ಹಿಮ್ಮಡಿಯನ್ನು ಕಚ್ಚಿತ್ತು, ಲೆಕ್ಕಿಸಲಿಲ್ಲ. ಮೂರನೆಯ ದಿನ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಘಾಟಿ ಇಳಿಯತೊಡಗಿದ ಸ್ವಲ್ಪ ಹೊತ್ತಿಗೇ ಬಲ ಮಂಡಿಗೆ ಯಾರೋ ಮೊಳೆ ಹೊಡೆದಂತಾಯಿತು. ಅಣ್ಣಪ್ಪಸ್ವಾಮಿ ಗುಡಿಯ ಹತ್ತಿರ ಕುಳಿತವನು ಏಳಲಾಗಲಿಲ್ಲ. ಹುಡುಗರು ಯಾವುದೋ ವ್ಯಾನು ನಿಲ್ಲಿಸಿ ಹತ್ತಿಸಿದರು.

ನೇತ್ರಾವತಿ ಸ್ನಾನಘಟ್ಟದ ಮೆಟ್ಟಿಲ ಮೇಲೆ ಕುಳಿತು ಮರುದಿನ ಸಂಜೆಯವರೆಗೆ ಅವರಿಗಾಗಿ ಕಾದೆ. ಅರವತ್ತೆರಡು ವರ್ಷದ ನಮ್ಮ ಚಿಕ್ಕಮ್ಮ ಹವಾಯಿ ಚಪ್ಪಲಿಯಲ್ಲಿ ನಡೆದು ಬಂದು, ನನ್ನನ್ನು ನೋಡಿ, "ಊಟ ಆಯಿತೇನಪ್ಪ?" ಎಂದರು. ಮಂಡಿಗಿಂತ ಅದೇ ಹೆಚ್ಚು ನೋಯಿಸಿತು.

ಈ ಬಾರಿಯ ಶಿವರಾತ್ರಿ 2026ರ ಫೆಬ್ರುವರಿ 15, ಭಾನುವಾರ. ನನಗೆ 41 ವರ್ಷ, 84 ಕೆ.ಜಿ., ಕುರ್ಚಿಯ ಕೆಲಸ. ಮತ್ತೆ ಹೊರಡಲೇ? ಅಥವಾ ನನ್ನ ಮಂಡಿಗೆ ಇದು ಆಗದ ಮಾತೇ?

ಫಿಸಿಯೋಥೆರಪಿಸ್ಟ್ (ಚಿಕ್ಕಮಗಳೂರು):

ಉತ್ತರಿಸುವ ಮೊದಲು ನನ್ನದೇ ನಾಲ್ಕು ಪ್ರಶ್ನೆ. ನೋವು ಮಂಡಿಯ ಮುಂದೆಯೋ, ಒಳಬದಿಯೋ, ಹೊರಬದಿಯೋ? ಊದಿಕೊಂಡಿತ್ತೇ? ಮಡಚಿದ ಮಂಡಿ ಬಿಡಿಸಲಾಗದೆ ಸಿಕ್ಕಿಕೊಂಡದ್ದು ಉಂಟೇ? ಈಗ ಮೆಟ್ಟಿಲು ಹತ್ತುವಾಗ ನೋಯುತ್ತದೆಯೇ, ಇಳಿಯುವಾಗಲೇ?

ಹಾಸನದವರು:

ಹೊರಬದಿ, ಒಂದು ರೂಪಾಯಿ ನಾಣ್ಯದಷ್ಟು ಜಾಗ. ಊತವಿರಲಿಲ್ಲ, ಸಿಕ್ಕಿಕೊಂಡಿಲ್ಲ. ಎರಡು ವಾರದಲ್ಲಿ ಮಾಯವಾಯಿತು. ಹತ್ತುವಾಗ ಏನೂ ಇಲ್ಲ, ಬಹಳ ಮೆಟ್ಟಿಲು ಇಳಿದರೆ ಸಣ್ಣಗೆ ನೆನಪಿಸುತ್ತದೆ. ಇನ್ನೊಂದು ವಿಷಯ: ಎರಡನೆಯ ದಿನದಿಂದ ಬೆಳಿಗ್ಗೆ, ಸಂಜೆ ನೋವಿನ ಮಾತ್ರೆ ನುಂಗುತ್ತಿದ್ದೆ.

ಫಿಸಿಯೋಥೆರಪಿಸ್ಟ್:

ಹೊರಡಿ. ಆದರೆ ಮೊದಲು ಇಳಿಯುವುದನ್ನು ಕಲಿಯಿರಿ. ನಡೆಯುವ ಶಕ್ತಿ ನಿಮಗಿತ್ತು, ಮೂರು ದಿನ ನಡೆದಿದ್ದೀರಿ. ಇಳಿಯುವ ಅಭ್ಯಾಸ ಇರಲಿಲ್ಲ.

ತೊಡೆಯಿಂದ ಮಂಡಿಯ ಹೊರಬದಿಗೆ ಒಂದು ಗಟ್ಟಿ ಪಟ್ಟಿ ಇಳಿದು ಬರುತ್ತದೆ, ಇಲಿಯೋಟಿಬಿಯಲ್ ಬ್ಯಾಂಡ್ ಎನ್ನುತ್ತೇವೆ. ಮಂಡಿ ಸುಮಾರು 30 ಡಿಗ್ರಿ ಮಡಚಿದಾಗ ಅದು ಮೂಳೆಯ ಉಬ್ಬಿಗೆ ಒತ್ತುತ್ತದೆ. ಘಾಟಿ ಇಳಿಯುವಾಗ ಪ್ರತಿ ಹೆಜ್ಜೆಗೂ ಮಂಡಿ ಆ ಕೋನದಲ್ಲಿ ಭಾರ ತಡೆಯುತ್ತದೆ. ಸೊಂಟದ ಪಕ್ಕದ ಸ್ನಾಯು ಸೋತರೆ ತೊಡೆ ಒಳಕ್ಕೆ ವಾಲಿ, ಪಟ್ಟಿ ಇನ್ನಷ್ಟು ಬಿಗಿಯುತ್ತದೆ. ನೀವು ಹೇಳಿದ ಲಕ್ಷಣಕ್ಕೆ ಇದೇ ಹೊಂದುತ್ತದೆ. ಆದರೂ ನೋಡದೆ ಖಚಿತ ಹೇಳಲಾರೆ. ಒಮ್ಮೆ ಹತ್ತಿರದ ಮೂಳೆ ತಜ್ಞರಿಗೋ ಫಿಸಿಯೋಗೋ ತೋರಿಸಿ.

ಮತ್ತೊಂದು ಸಂಗತಿ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಭಾರ ಹೊರಬೇಕು. ಅದಕ್ಕೇ ಹತ್ತಿದ್ದಕ್ಕಿಂತ ಇಳಿದದ್ದಕ್ಕೆ ಮೈಕೈ ಜಾಸ್ತಿ ನೋಯುವುದು, ಅದೂ ಮರುದಿನ, ಮೂರನೆಯ ದಿನ. ಸಮಾಧಾನವೆಂದರೆ ಒಮ್ಮೆ ಹೀಗೆ ದಣಿದು ಚೇತರಿಸಿಕೊಂಡ ಸ್ನಾಯು ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ನಮ್ಮ ತಯಾರಿಯೆಲ್ಲ ಈ ಗುಣದ ಮೇಲೆಯೇ ನಿಂತಿದೆ.

ನಿಮಗೆ ಹದಿನೈದು ವಾರ ಇದೆ. ಮೊದಲ ಮೂರು ವಾರ ಮಹಾರಾಜ ಪಾರ್ಕ್‌ನಲ್ಲಿ ಸುತ್ತಿದರೂ ಸಾಕು, ದಿನಕ್ಕೆ ನಾಲ್ಕೈದು ಕಿ.ಮೀ. ಜೊತೆಗೆ ದಿನ ಬಿಟ್ಟು ದಿನ ಮನೆಯ ಕೆಳಗಿನ ಮೆಟ್ಟಿಲ ಮೇಲೆ ಒಂಟಿಕಾಲಲ್ಲಿ ನಿಂತು, ಇನ್ನೊಂದು ಹಿಮ್ಮಡಿ ನೆಲಕ್ಕೆ ಸೋಕುವಷ್ಟು ನಿಧಾನವಾಗಿ ಇಳಿಸಿ, ಮತ್ತೆ ಮೇಲೇಳಿ. ಕನ್ನಡಿ ಎದುರು ಮಾಡಿ: ಮಂಡಿ ಹೆಬ್ಬೆರಳಿನ ಒಳಗೆ ವಾಲಬಾರದು. ಒಂದು ಕಾಲಿಗೆ ಹತ್ತು, ಮೂರು ಸುತ್ತು. ಮಗ್ಗುಲಾಗಿ ಮಲಗಿ ಮೇಲಿನ ಕಾಲೆತ್ತುವುದನ್ನೂ ಸೇರಿಸಿ. ಬೇಸರದ ಕೆಲಸ, ಗೊತ್ತು. ನನ್ನ ಬಳಿ ಬರುವವರಲ್ಲಿ ಅರ್ಧ ಜನ ಇದನ್ನು ಮಾಡದೆಯೇ ಮಾಡಿದೆ ಎನ್ನುತ್ತಾರೆ. ಕಾಲು ಮುಟ್ಟಿದರೆ ತಿಳಿಯುತ್ತದೆ.

ಆಮೇಲೆ ವಾರಕ್ಕೊಂದು ಉದ್ದ ನಡಿಗೆ: 12, 15, 18 ಕಿ.ಮೀ. ಹೀಗೆ ಏರಿಸಿ, ನಾಲ್ಕನೆಯ ವಾರ ದೂರ ತಗ್ಗಿಸಿ. ಡಿಸೆಂಬರ್ ಕೊನೆಗೆ ಶನಿವಾರ 20, ಭಾನುವಾರ ಮತ್ತೆ 20. ಎರಡನೆಯ ದಿನ ದಣಿದ ಕಾಲಲ್ಲಿ ನಡೆಯುವುದೇ ನಿಜವಾದ ಅಭ್ಯಾಸ. ಹದಿನೈದು ದಿನಕ್ಕೊಮ್ಮೆ ಸೀಗೆಗುಡ್ಡ ಹತ್ತಿ ಇಳಿಯಿರಿ. ಒಮ್ಮೆ ನಮ್ಮ ಕಡೆ ಬಂದು ಸೀತಾಳಯ್ಯನಗಿರಿಯಿಂದ ಕೈಮರದವರೆಗೆ ರಸ್ತೆಯಲ್ಲಿ ಇಳಿಯಿರಿ. ಅದೇ ದಾರಿಯಲ್ಲಿ ಮುಳ್ಳಯ್ಯನಗಿರಿ ನೋಡಲು ಎಲ್ಲರೂ ಹತ್ತುತ್ತಾರೆ, ನೀವು ಇಳಿಯಲು ಬನ್ನಿ. ಜನವರಿ ಕೊನೆಯ ಭಾನುವಾರ ಬಸ್ಸಿನಲ್ಲಿ ಕೊಟ್ಟಿಗೆಹಾರಕ್ಕೆ ಹೋಗಿ, ಹಗಲಲ್ಲೇ ಚಾರ್ಮಾಡಿ ಘಾಟಿ ಮಾತ್ರ ಇಳಿದು, ಬಸ್ಸಿನಲ್ಲೇ ವಾಪಸ್ಸಾಗಿ. ನಿಮ್ಮನ್ನು ಹೆದರಿಸಿದ ಜಾಗವನ್ನು ಹೊಸ ಕಾಲಲ್ಲಿ ಒಮ್ಮೆ ನೋಡಿಬಿಡಿ. ಆಮೇಲೆ ಯಾತ್ರೆ ಹೊರಡುವ ದಿನದವರೆಗೆ ಕಡಿದಾದ ಇಳಿಜಾರು ಬೇಡ.

ಮಾತ್ರೆಯ ವಿಷಯಕ್ಕೆ ನನಗೆ ಸಿಟ್ಟೇ ಬಂತು. ಬಿಸಿಲಲ್ಲಿ ಬೆವರಿ ಮೈಯಲ್ಲಿ ನೀರು ಕಡಿಮೆಯಾದಾಗ ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥವು ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲವು. ಮೇಲಾಗಿ ನೋವನ್ನು ಮುಚ್ಚಿಟ್ಟು ನಡೆದದ್ದರಿಂದ ಮಂಡಿ ಹಿಂದಿನ ದಿನವೇ ಹೇಳಿದ್ದು ನಿಮಗೆ ಕೇಳಿಸಲಿಲ್ಲ. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ನಡಿಗೆ ನಿಲ್ಲಿಸಿ ಸೀದಾ ಆಸ್ಪತ್ರೆಗೆ ಹೋಗಬೇಕು.

ಬೇಲೂರಿನವರು:

ಬೊಬ್ಬೆಗೆ ನಮ್ಮಲ್ಲಿ ಸೂಜಿ ದಾರ ಪೋಣಿಸಿ, ದಾರವನ್ನು ಒಳಗೇ ಬಿಡುತ್ತೇವೆ. ನೀರು ತಾನೇ ಸೋರುತ್ತದೆ. ಸರಿಯಲ್ಲವೇ ಮೇಡಂ?

ಫಿಸಿಯೋಥೆರಪಿಸ್ಟ್:

ನೀರು ಸೋರುವ ದಾರಿಯಲ್ಲೇ ಕೊಳೆ ಒಳಗೆ ಹೋಗುತ್ತದೆ. ದಾರ ಬೇಡ. ಚಿಕ್ಕ ಬೊಬ್ಬೆಯನ್ನು ಮುಟ್ಟಬೇಡಿ, ಮೇಲೆ ಪಟ್ಟಿ ಹಾಕಿ. ನಡೆಯಲಾಗದಷ್ಟು ದೊಡ್ಡದಾದರೆ ಶುಚಿ ಮಾಡಿದ ಹೊಸ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ತೆಗೆಯಿರಿ, ಮೇಲಿನ ಚರ್ಮ ಕೀಳಬೇಡಿ. ಸಕ್ಕರೆ ಕಾಯಿಲೆಯವರು ತಾವೇ ಚುಚ್ಚಿಕೊಳ್ಳಲೇಬಾರದು. ಬೊಬ್ಬೆ ಏಳುವ ಮೊದಲು ಆ ಜಾಗ ಬಿಸಿಯಾಗಿ ಉರಿಯುತ್ತದೆ. ಆಗಲೇ ನಿಂತು ಟೇಪು ಹಚ್ಚಿ, ಒದ್ದೆ ಕಾಲುಚೀಲ ಬದಲಿಸಿದರೆ ಬಹುಪಾಲು ತಪ್ಪುತ್ತದೆ. ಶೂ ಸಂಜೆಯ ಹೊತ್ತು ಕೊಳ್ಳಿ, ಕಾಲು ಆಗ ಸ್ವಲ್ಪ ಊದಿರುತ್ತದೆ; ಬೆರಳ ಮುಂದೆ ಕೈ ಹೆಬ್ಬೆರಳಿನಗಲ ಜಾಗವಿರಲಿ. ಘಾಟಿಗೆ ಮುಂಚೆ ಲೇಸನ್ನು ಕಣಕಾಲಿನ ಬಳಿ ಬಿಗಿದು ಕಟ್ಟಿ, ಇಲ್ಲದಿದ್ದರೆ ಬೆರಳು ಮುಂದಕ್ಕೆ ಗುದ್ದಿ ಉಗುರು ಕಪ್ಪಾಗುತ್ತದೆ.

ಮೂಡಿಗೆರೆಯವರು:

ನಾನು ವೈದ್ಯನಲ್ಲ. ಪ್ರತಿ ವರ್ಷ ರಸ್ತೆ ಬದಿ ಪಾದಯಾತ್ರಿಗಳಿಗೆ ಮಜ್ಜಿಗೆ ಕೊಡುವವರಲ್ಲಿ ಒಬ್ಬ. ಲೋಟ ಕೊಡುವಾಗಲೇ ಯಾರು ಘಾಟಿಯಲ್ಲಿ ಕೂರುತ್ತಾರೆಂದು ಹೇಳಬಲ್ಲೆ: ಮೊದಲು ಬಂದವರು! ನಿಮ್ಮ ಚಿಕ್ಕಮ್ಮನಂಥವರು ಒಂದೇ ಹದದಲ್ಲಿ ಬಂದು, ನಿಂತೇ ಮಜ್ಜಿಗೆ ಕುಡಿದು ಹೋಗುತ್ತಾರೆ. ಬೇಲೂರಿಗೆ ಮುಂಚೆ ಸಿಗುವ ಹಗರೆಯಲ್ಲೇ ಮೊದಲ ರಾತ್ರಿ ತಂಗಿ, ಒಂದು ದಿನ ಹೆಚ್ಚು ಹಾಕಿಕೊಳ್ಳಿ. ತಂಪಿದೆಯೆಂದು ನಸುಕಿನಲ್ಲಿ ಒಬ್ಬರೇ ಹೊರಡಬೇಡಿ, ಬೇಲೂರು–ಮೂಡಿಗೆರೆ ತೋಟಗಳ ನಡುವೆ ಆನೆ ಓಡಾಡುತ್ತವೆ, ಊರಿನವರನ್ನು ಕೇಳಿ ಹೆಜ್ಜೆ ಇಡಿ. ರಸ್ತೆಯ ಬಲಬದಿ, ಎದುರಿಂದ ಬರುವ ವಾಹನ ಕಾಣುವಂತೆ ನಡೆಯಿರಿ. ಹರಕೆ ಅರ್ಧವಾಯಿತೆಂದು ಕೊರಗಬೇಡಿ, ವ್ಯಾನಿನಲ್ಲಿ ಬಂದವರಿಗೂ ಮಂಜುನಾಥ ಬಾಗಿಲು ಹಾಕಿಲ್ಲ.

ಹಾಸನದವರು (ಜನವರಿ ಕೊನೆಯ ವಾರ):

ನಿನ್ನೆ ಕೊಟ್ಟಿಗೆಹಾರದಿಂದ ಚಾರ್ಮಾಡಿ ಊರಿನವರೆಗೆ ಇಳಿದೆ. ಅಣ್ಣಪ್ಪಸ್ವಾಮಿ ಗುಡಿಯಲ್ಲಿ ಕಾಯಿ ಒಡೆಸಿ, ಕೂರದೆ ಮುಂದೆ ಹೋದೆ. ಕೊನೆಯ ಎರಡು ಕಿ.ಮೀ. ಹೊರಬದಿ ಬೆಚ್ಚಗಾಯಿತು, ಮೊಳೆ ಹೊಡೆದಂತಲ್ಲ. ಇವತ್ತು ತೊಡೆ ಹಿಡಿದಿದೆ, ಮಂಡಿ ಸುಮ್ಮನಿದೆ. ತೂಕ 79.

ಫಿಸಿಯೋಥೆರಪಿಸ್ಟ್:

ತೊಡೆ ಹಿಡಿಯಲೇಬೇಕು, ಮೂರು ದಿನದಲ್ಲಿ ಬಿಡುತ್ತದೆ. ಮಂಡಿ ಹಾಗೆ ಬೆಚ್ಚಗಾಗದಿರಲು ಎರಡು ಕೋಲು ಹಿಡಿಯಿರಿ, ಇಳಿಯುವಾಗ ಮಂಡಿಯ ಹೊರೆಯಲ್ಲಿ ಒಂದಿಷ್ಟು ಕೈಗೆ ಹೋಗುತ್ತದೆ. ಹೆಜ್ಜೆ ಚಿಕ್ಕದಿರಲಿ. ಬ್ಯಾಗಿನಲ್ಲಿ ಒ.ಆರ್.ಎಸ್. ಇಟ್ಟುಕೊಳ್ಳಿ, ಬರೀ ನೀರನ್ನೇ ಲೀಟರುಗಟ್ಟಲೆ ಕುಡಿಯಬೇಡಿ.

ಹಾಸನದವರು:

ಎರಡು ಕೋಲು ಹಿಡಿದರೆ ಚಿಕ್ಕಮ್ಮ ನಗುತ್ತಾರೆ ಮೇಡಂ.

ಫಿಸಿಯೋಥೆರಪಿಸ್ಟ್:

ನಗಲಿ. ಅವರ ಹಿಂದೆಯೇ ನಡೆಯಿರಿ, ಮುಂದೆ ಹೋಗಬೇಡಿ.